ಎರಡು ನಿಮಿಷದ ರಟ್ಟು ಹಿಡಿದ ಸಂಚಾಲಕರಿಗೆ

ಗಣಿತೀಯ ವಿಶ್ಲೇಷಣೆ ಹಾಗೂ ರೇಖಾಗಣಿತದ ಸಂಶೋಧಕರ ವಾರ್ಷಿಕ ಸಮ್ಮೇಳನದ ಸಂಚಾಲಕರ ಸನ್ನಿಧಿಗೆ,

ಮಾನ್ಯರೇ,

ತಾವೂ, ತಮ್ಮ ಕೈಗಡಿಯಾರವೂ, ತಾವು ಎದೆಗವಚಿಕೊಂಡು ಓಡಾಡುತ್ತಿದ್ದ ‘ಇನ್ನು ಎರಡು ನಿಮಿಷ’ ಎಂಬ ಕೆಂಪಕ್ಷರದ ರಟ್ಟೂ ಕ್ಷೇಮವಾಗಿರುವಿರೆಂದು ನಂಬಿ, ನಾಲ್ಕು ದಿನಗಳ ಸಮ್ಮೇಳನವನ್ನು ಬರೀ ನಾಲ್ಕೇ ದಿನಗಳಲ್ಲಿ ಮುಗಿಸಿದ ತಮ್ಮ ದಕ್ಷತೆಗೆ ಮೊದಲು ಕೈಮುಗಿದು, ಆಮೇಲೆ ಈ ಬಹಿರಂಗ ಪತ್ರವನ್ನು ಬರೆಯುತ್ತಿದ್ದೇನೆ. ಖಾಸಗಿಯಾಗಿ ಬರೆದ ಮೂರು ಪತ್ರಗಳನ್ನು ತಾವು ಬಹಳ ಜೋಪಾನವಾಗಿ ಇಟ್ಟುಕೊಂಡಿರಬೇಕು, ಅವುಗಳ ಬಗ್ಗೆ ಇದುವರೆಗೆ ಯಾರಿಗೂ ಏನೂ ತಿಳಿದುಬಂದಿಲ್ಲ.

ನನ್ನ ಪರಿಚಯ ಹೇಳಬೇಕು. ಸಭಾಂಗಣದ ಮೊದಲ ಸಾಲಿನ ಮುಂದೆ, ಹಲಗೆಗೆ ಬೆನ್ನು ಮಾಡಿ, ನಾಲ್ಕು ದಿನ ಕೈಯಾಡಿಸುತ್ತಾ ಕುಳಿತಿದ್ದ ಕನ್ನಡಕದ ಹೆಂಗಸು ನಾನೇ. ಮೊದಲ ದಿನ ತಾವು ನನ್ನನ್ನು ನೊಣ ಓಡಿಸುತ್ತಿರುವವಳೆಂದು ತಿಳಿದು ಕಿಟಕಿ ಮುಚ್ಚಿಸಿದಿರಿ, ಆ ಕಾಳಜಿಯನ್ನು ನಾನು ಮರೆತಿಲ್ಲ. ನಾನು ಸನ್ನೆ ಭಾಷೆಯ ದುಭಾಷಿ. ನನ್ನ ಅಪ್ಪ ಅಮ್ಮ ಇಬ್ಬರೂ ಕಿವುಡರು. ಅಪ್ಪ ಅಚ್ಚುಕೂಟದಲ್ಲಿ ಅಕ್ಷರದ ಮೊಳೆ ಜೋಡಿಸುತ್ತಿದ್ದರು, ಯಂತ್ರದ ಸದ್ದಿಗೆ ತಲೆನೋವು ಬರದ ಕೆಲಸಗಾರ ಅವರೊಬ್ಬರೇ ಆಗಿದ್ದರು. ಹಾಗಾಗಿ ನಾನು ಬಾಯಿಂದ ಮಾತಾಡುವುದಕ್ಕೆ ಮೊದಲು ಕೈಯಿಂದ ಮಾತಾಡಿದವಳು. ಇಪ್ಪತ್ತಾರು ವರ್ಷಗಳಿಂದ ಆಸ್ಪತ್ರೆಯಲ್ಲಿ, ನ್ಯಾಯಾಲಯದಲ್ಲಿ, ಹೆಣ್ಣು ನೋಡುವ ಮನೆಗಳಲ್ಲಿ ಬೇರೆಯವರ ಮಾತನ್ನು ದಾಟಿಸಿದ್ದೇನೆ. ಈ ಕಸುಬಿನ ಮೊದಲ ನಿಯಮ, ದುಭಾಷಿ ತನ್ನದೆಂದು ಒಂದು ಮಾತನ್ನೂ ಆಡಕೂಡದು ಎಂಬುದು. ಅದನ್ನು ನಾನು ತಮ್ಮ ಸಮ್ಮೇಳನದ ತನಕ ಮುರಿದವಳಲ್ಲ.

ತಮ್ಮ ಕಚೇರಿಯವರು ಫೋನು ಮಾಡಿ ‘ವಿಶ್ಲೇಷಣೆ’ಯ ಸಮ್ಮೇಳನಕ್ಕೆ ಬರಬೇಕು ಎಂದಾಗ ನಾನು ಯಾವುದರ ವಿಶ್ಲೇಷಣೆ ಎಂದು ಕೇಳಿದೆ. ಅವರು ಸ್ವಲ್ಪ ಯೋಚಿಸಿ, ಯಾವುದರದ್ದೂ ಅಲ್ಲ, ಬರೀ ವಿಶ್ಲೇಷಣೆ ಎಂದರು. ಒಪ್ಪಿಕೊಂಡೆ. ಬರೀ ಸಂಶಯ, ಬರೀ ಹೊಟ್ಟೆನೋವು, ಬರೀ ಅತ್ತೆಯ ಕಾಟ ಇವನ್ನೆಲ್ಲ ದಾಟಿಸಿದವಳಿಗೆ ಬರೀ ವಿಶ್ಲೇಷಣೆ ಎಷ್ಟರದು ಎಂದುಕೊಂಡೆ.

ನಾನು ದುಭಾಷಿಯಾಗಬೇಕಾಗಿದ್ದದ್ದು ಒಬ್ಬರೇ ಒಬ್ಬರಿಗೆ. ಹುಟ್ಟಿನಿಂದಲೇ ಕಿವಿ ಕೇಳದ, ಮೂವತ್ತು ತುಂಬದ, ಸೀಮೆಸುಣ್ಣವನ್ನು ಕಿವಿಯ ಮೇಲೆ ಪೆನ್ಸಿಲ್ಲಿನಂತೆ ಸಿಕ್ಕಿಸಿಕೊಳ್ಳುವ ಒಬ್ಬ ಸಂಶೋಧಕಿಗೆ. ಕಿವಿಗೆ ಏನಾದರೂ ಕೆಲಸ ಬೇಡವೇ ಅಕ್ಕಾ ಎಂದು ಅವರೇ ತಮಾಷೆ ಮಾಡುತ್ತಿದ್ದರು. ಮೂರನೆಯ ದಿನ ಊಟಕ್ಕೆ ಮುಂಚೆ ಅವರ ಭಾಷಣವಿತ್ತು, ಇಪ್ಪತ್ತು ನಿಮಿಷ. ಮೊದಲ ಸಾಲಿನಲ್ಲಿ ಊರುಗೋಲು ಹಿಡಿದು ಕೂರುವ ಹಿರಿಯ ಮೇಷ್ಟ್ರು ಅದನ್ನು ಕೇಳಿ ತಲೆಯಾಡಿಸಿದರೆ ಅವರ ಸಂಸ್ಥೆಯಲ್ಲಿ ಸಂಶೋಧಕಿಗೆ ಎರಡು ವರ್ಷದ ಕೆಲಸ ಸಿಗುವುದಿತ್ತು, ಆಡಿಸದಿದ್ದರೆ ಮತ್ತೆ ಅಣ್ಣನ ಮನೆಯ ಮಹಡಿಯ ಕೋಣೆ, ಅತ್ತಿಗೆಯ ಮಕ್ಕಳಿಗೆ ಲೆಕ್ಕ ಹೇಳಿಕೊಡುವ ಉದ್ಯೋಗ.

ಮೊದಲ ಎರಡು ದಿನಗಳ ಬಗ್ಗೆ ನನಗೆ ಹೊಗಳಿಕೆ ಬಿಟ್ಟು ಬೇರೇನೂ ಇಲ್ಲ. ತಮ್ಮ ವಿದ್ವಾಂಸರು ಕೇಳುಗರ ಮೇಲೆ ಇಟ್ಟಿರುವ ವಿಶ್ವಾಸ ಎಷ್ಟೆಂದರೆ, ಅವರತ್ತ ತಿರುಗಿ ನೋಡುವುದೇ ಇಲ್ಲ. ಒಬ್ಬ ಮೇಷ್ಟ್ರ ಬೆನ್ನನ್ನು ನಾವು ಐವತ್ತು ನಿಮಿಷ ನೋಡಿದೆವು, ಈಗ ದಾರಿಯಲ್ಲಿ ಸಿಕ್ಕರೆ ಹಿಂದಿನಿಂದ ಕಂಡರೆ ಮಾತ್ರ ಗುರುತಿಸಬಲ್ಲೆ. ಅವರು ಹಲಗೆಯೊಡನೆ ಗುಟ್ಟು ಹೇಳುವ ದನಿಯಲ್ಲಿ, ಇದು ಅಲ್ಲಿಂದ ಬರುತ್ತದೆ, ಅದನ್ನು ಇಲ್ಲಿಗೆ ಹಾಕಿದರೆ ಅದು ಹೋಗುತ್ತದೆ, ಉಳಿದದ್ದು ಸ್ಪಷ್ಟ ಎಂದರು. ನಾನು ಪ್ರಾಮಾಣಿಕವಾಗಿ ಇದು, ಅಲ್ಲಿ, ಅದು, ಇಲ್ಲಿ ಎಂದು ಸನ್ನೆ ಮಾಡಿದೆ, ದಾರಿ ತಪ್ಪಿದವರಿಗೆ ಬಸ್ ನಿಲ್ದಾಣ ತೋರಿಸುವವಳ ಹಾಗೆ ಕಂಡಿರಬೇಕು. ಸಂಶೋಧಕಿ ನಗು ತಡೆಯಲಾರದೆ ಚೀಲದಲ್ಲಿ ಏನನ್ನೋ ಹುಡುಕತೊಡಗಿದರು. ‘ಸ್ಪಷ್ಟ’ ಎಂಬ ಪದ ಮೊದಲ ದಿನವೇ ನಲವತ್ತೊಂದು ಸಲ ಬಂತು. ಸಂಜೆ ಅವರು ನನ್ನ ಮೇಲೆ ಕನಿಕರಪಟ್ಟು ಅದಕ್ಕೊಂದು ಹೊಸ ಸನ್ನೆ ಕಲಿಸಿಕೊಟ್ಟರು: ಎರಡು ಬೆರಳು ಓಡಿ ಬಂದು ಒಂದು ಹಳ್ಳವನ್ನು ಹಾರುವುದು. ಮರುದಿನ ಹಿಂದಿನ ಸಾಲುಗಳ ಕಿರಿಯ ಸಂಶೋಧಕರೂ, ಯಾರಾದರೂ ಸ್ಪಷ್ಟ ಎಂದ ಕೂಡಲೇ ಮೇಜಿನ ಕೆಳಗೆ ಬೆರಳು ಹಾರಿಸುತ್ತಿದ್ದುದನ್ನು ತಾವು ಗಮನಿಸಿರಲಿಕ್ಕಿಲ್ಲ.

ತೆರೆಯ ಮೇಲೆ ಚಿತ್ರ ತೋರಿಸುವಾಗ ತಾವು ದೀಪಗಳನ್ನೆಲ್ಲ ಆರಿಸಿದಿರಿ. ಕತ್ತಲಲ್ಲಿ ನನ್ನ ಕೈ ಯಾರಿಗೆ ಕಾಣಬೇಕು? ಸಭಾಂಗಣದ ಎಲೆಕ್ಟ್ರಿಷಿಯನ್ನಿಗೆ ಹೇಳಿದೆ. ಪುಣ್ಯಾತ್ಮ ಎಲ್ಲಿಂದಲೋ ಒಂದು ಮೇಜಿನ ದೀಪ ತಂದು ನನ್ನ ಮುಂದೆ ಇಟ್ಟು ಹಾಕಿದ. ನನ್ನ ಹತ್ತು ಬೆರಳುಗಳ ನೆರಳು ತೆರೆಯ ತುಂಬ ಹರಡಿ, ಆಗ ನಡೆಯುತ್ತಿದ್ದ ಪ್ರಮೇಯವನ್ನು ನುಂಗಿತು. ಭಾಷಣಕಾರರು ಸಿಟ್ಟಾಗಿ ಆ ಬೆರಳುಗಳು ನನ್ನ ವಾದದ ಭಾಗವಲ್ಲ ಎಂದು ಸಭೆಗೆ ಸ್ಪಷ್ಟೀಕರಣ ಕೊಟ್ಟರು. ಅವರ ಇಡೀ ಭಾಷಣದಲ್ಲಿ ನನಗೆ ಪೂರ್ತಿ ಅರ್ಥವಾದದ್ದು ಅದೊಂದೇ ವಾಕ್ಯ.

ಇಷ್ಟು ಸಂತೋಷದ ನಡುವೆ ದೂರು ಎಲ್ಲಿಂದ ಬಂತೆಂದರೆ, ಮಾನ್ಯರೇ, ಮೂರನೆಯ ದಿನದಿಂದ.

ಸಂಶೋಧಕಿ ತಮ್ಮ ವಿಷಯವನ್ನು ನನಗೆ ಎರಡು ಸಂಜೆ ಅತಿಥಿಗೃಹದ ಊಟದ ಮೇಜಿನ ಮೇಲೆ ಹೇಳಿಕೊಟ್ಟಿದ್ದರು. ಒಂದು ತಂತಿಯ ಬಳೆಯನ್ನು ಸೋಪಿನ ನೀರಿನಲ್ಲಿ ಅದ್ದಿ ತೆಗೆದರೆ ಅದರ ನಡುವೆ ತೆಳ್ಳನೆಯ ಪೊರೆ ನಿಲ್ಲುತ್ತದಷ್ಟೆ. ತಂತಿಯನ್ನು ಒಂಚೂರು ಬಗ್ಗಿಸಿದರೆ ಪೊರೆಯೂ ಒಂಚೂರು ಮಾತ್ರ ಬದಲಾಗುತ್ತದೆಯೇ, ಇಲ್ಲ ಹಠಾತ್ತನೆ ಬೇರೆಯೇ ಆಕಾರಕ್ಕೆ ನೆಗೆಯುತ್ತದೆಯೇ ಎಂಬುದು ಅವರ ಪ್ರಶ್ನೆ. ನೆಗೆಯದೆ, ತಂತಿಯ ಜೊತೆಜೊತೆಗೇ ಸಾಗುವ ಪೊರೆ ಕನಿಷ್ಠ ಒಂದಾದರೂ ಇದ್ದೇ ಇರುತ್ತದೆ ಎಂಬುದು ಅವರು ನಾಲ್ಕು ವರ್ಷ ಕೂತು ಕಂಡುಕೊಂಡ ಉತ್ತರ. ‘ಕನಿಷ್ಠ ಒಂದು’ ಎನ್ನಲು ಅವರು ಬಲಗೈಯ ಒಂದು ಬೆರಳೆತ್ತಿ, ಎಡಗೈಯನ್ನು ಅದರ ಕೆಳಗೆ ನೆಲದಂತೆ ಚಪ್ಪಟೆಯಾಗಿ ಹಿಡಿಯುತ್ತಿದ್ದರು, ಇದಕ್ಕಿಂತ ಕೆಳಗಿಲ್ಲ ಎಂಬಂತೆ. ಕೆಳಗಿನ ಕೈ ಇಲ್ಲದಿದ್ದರೆ ಅದು ‘ಒಂದೇ ಒಂದು’ ಆಗುತ್ತದೆ.

ಭಾಷಣ ಸೊಗಸಾಗಿ ಸಾಗುತ್ತಿತ್ತು. ಅವರು ಹಲಗೆಯ ಮೇಲೆ ಬರೆದು, ಸಭೆಯತ್ತ ತಿರುಗಿ ಸನ್ನೆ ಮಾಡುತ್ತಿದ್ದರು, ನಾನು ಕುರ್ಚಿಯನ್ನು ಅವರತ್ತ ಓರೆಯಾಗಿ ತಿರುಗಿಸಿಕೊಂಡು ಅದಕ್ಕೆ ದನಿಯಾಗುತ್ತಿದ್ದೆ. ಊರುಗೋಲಿನ ಮೇಷ್ಟ್ರು ಎರಡು ಸಲ ತಲೆಯಾಡಿಸಿದ್ದನ್ನು ನಾನೇ ಕಣ್ಣಾರೆ ಕಂಡೆ. ಆಗ, ಹದಿನೆಂಟನೆಯ ನಿಮಿಷಕ್ಕೆ ಸರಿಯಾಗಿ, ಅವರು ಮುಖ್ಯ ಫಲಿತಾಂಶ ಹೇಳಲು ಬೆರಳೆತ್ತಿದ ಆ ಗಳಿಗೆಯಲ್ಲಿ, ತಾವು ತಮ್ಮ ರಟ್ಟನ್ನು ಎದೆಯ ಮುಂದೆ ಹಿಡಿದು ನನಗೂ ಅವರಿಗೂ ನಡುವೆ ಗಂಭೀರವಾಗಿ ನಡೆದುಹೋದಿರಿ. ಬೆರಳು ರಟ್ಟಿನ ಮೇಲಿನಿಂದ ಕಂಡಿತು. ಕೆಳಗಿನ ಕೈ ಕಾಣಲಿಲ್ಲ. ನಾನು ತಡೆದು, ಇನ್ನೊಮ್ಮೆ ಹೇಳಿ ಎಂದು ಕೇಳಬೇಕಿತ್ತು. ಕೇಳಲಿಲ್ಲ. ಎರಡು ನಿಮಿಷ ಎಂಬ ಕೆಂಪಕ್ಷರ ನನಗೂ ಕಂಡಿತ್ತಲ್ಲ, ಗಾಬರಿಯಾಗಿ, ತುಂಬಿದ ಸಭೆಯಲ್ಲಿ, ಅಂಥ ಪೊರೆ ಒಂದೇ ಒಂದು ಇರುತ್ತದೆ ಎಂದು ಗಟ್ಟಿಯಾಗಿ ಸಾರಿಬಿಟ್ಟೆ.

ಊರುಗೋಲು ನೆಲಕ್ಕೆ ಬಡಿದ ಸದ್ದಾಯಿತು. ಹಿರಿಯ ಮೇಷ್ಟ್ರು ಬಹಳ ಬೇಸರದಿಂದ, ಇದು ತಪ್ಪು, ಒಂದೇ ತಂತಿಗೆ ಅಂಥ ಎರಡು ಪೊರೆಗಳಿರುವ ಉದಾಹರಣೆಯನ್ನು ತಮ್ಮ ಶಿಷ್ಯನೇ ಹತ್ತು ವರ್ಷದ ಹಿಂದೆ ಕೊಟ್ಟಿದ್ದಾನೆ ಎಂದರು. ಅದನ್ನು ನಾನು ಸಂಶೋಧಕಿಗೆ ದಾಟಿಸಿದೆ. ಅವರು ನನ್ನನ್ನು ನೋಡಿದ ರೀತಿ ಈಗಲೂ ಕಣ್ಣಿಗೆ ಕಟ್ಟಿದಂತಿದೆ.

“ಅಕ್ಕಾ, ಒಂದೇ ಅಂತ ನಾನು ಎಲ್ಲಿ ಹೇಳ್ದೆ?”

ಹಲಗೆಯ ಮೇಲೆ ಅದು ಸರಿಯಾಗಿಯೇ ಬರೆದಿತ್ತು, ಗೇಣುದ್ದದ ಅಕ್ಷರಗಳಲ್ಲಿ. ನೂರಹನ್ನೆರಡು ಗಣಿತಜ್ಞರಲ್ಲಿ ಒಬ್ಬರೂ ಅದನ್ನು ನೋಡಲಿಲ್ಲ, ಎಲ್ಲರೂ ನನ್ನ ಬಾಯನ್ನೇ ನೋಡುತ್ತಿದ್ದರು. ನಾನು ಎದ್ದು ನಿಂತೆ. ಇಪ್ಪತ್ತಾರು ವರ್ಷದ ನಿಯಮ ಮುರಿದು, ಕೈಯಲ್ಲೂ ಬಾಯಲ್ಲೂ ಒಟ್ಟಿಗೆ ಹೇಳಿದೆ:

“ಈಗ ಆಡ್ತಿರೋದು ನನ್ನ ಮಾತು. ಅವರು ಸರಿಯಾಗೇ ಹೇಳಿದ್ರು. ತಪ್ಪು ಹೇಳಿದ್ದು ನಾನು.”

ಅಷ್ಟರಲ್ಲಿ ತಾವು ಊಟಕ್ಕೆ ಏಳಬಹುದು ಎಂದು ಅಪ್ಪಣೆ ಕೊಟ್ಟಾಗಿತ್ತು. ನನ್ನ ಜೀವನದ ಮೊದಲ ಸ್ವಂತ ವಾಕ್ಯ ನೂರಹನ್ನೆರಡು ಕುರ್ಚಿಗಳ ಕಿರುಗುಟ್ಟುವಿಕೆಯಲ್ಲಿ ಮುಳುಗಿತು. ಊಟದ ಸಾಲಿನಲ್ಲಿ ತಮ್ಮನ್ನು ಮೂರು ಸಲ ಕಂಡೆ. ಊಟ ಆಗಲಿ ನೋಡೋಣ ಎಂದಿರಿ, ಊಟವಾದ ಮೇಲೆ ಕಾರ್ಯಕ್ರಮದಲ್ಲಿ ಜಾಗವಿಲ್ಲ ಎಂದಿರಿ. ಸಂಜೆಯ ಸೂಚನಾ ಫಲಕದಲ್ಲಿ ಮಾತ್ರ ಜಾಗವಿತ್ತು: ‘ನಮ್ಮ ಶ್ರವಣದೋಷವುಳ್ಳ ಸಹೋದ್ಯೋಗಿಯ ಧೈರ್ಯದ ಪ್ರಯತ್ನ, ಫಲಿತಾಂಶದಲ್ಲಿ ದೋಷವಿದ್ದರೂ, ಎಲ್ಲರ ಮನಗೆದ್ದಿತು.’

ಸಂಶೋಧಕಿ ಕಾರಿಡಾರಿನ ಕೊನೆಯ ಕಿಟಕಿಯ ಬಳಿ ನನಗೆ ಬೆನ್ನು ಹಾಕಿ ನಿಂತಿದ್ದರು. ಕಿವುಡರು ಮುಖ ತಿರುಗಿಸಿದರೆ ಕೋಣೆಯ ಬಾಗಿಲು ಹಾಕಿಕೊಂಡ ಹಾಗೆ, ಹೊರಗಿನಿಂದ ಕೂಗಿಯೂ ಪ್ರಯೋಜನವಿಲ್ಲ. ನನ್ನ ಅಮ್ಮ ಸಿಟ್ಟಾದಾಗ ಚಿಕ್ಕವಳಾಗಿದ್ದ ನಾನು ಮಾಡುತ್ತಿದ್ದಂತೆಯೇ, ಸುತ್ತಿ ಬಂದು, ಕಿಟಕಿಗೂ ಅವರಿಗೂ ನಡುವೆ ನುಸುಳಿ ನಿಂತೆ. ಕ್ಷಮೆ ಕೇಳಿದೆ. ಅವರು, ನಾಳೆ ನೀವು ನನ್ನ ಪಕ್ಕದಲ್ಲೇ ಇರಬೇಕು, ಎಲ್ಲಿಗೆ ಕರೆದರೆ ಅಲ್ಲಿಗೆ ಬರಬೇಕು ಎಂದಷ್ಟೇ ಸನ್ನೆ ಮಾಡಿದರು.

ಎಲ್ಲಿಗೆ ಎಂಬುದು ಮರುದಿನ ಮಧ್ಯಾಹ್ನ ಗೊತ್ತಾಯಿತು. ಮೆಟ್ಟಿಲುಗಳ ಮೇಲೆ ಗುಂಪುಚಿತ್ರ ತೆಗೆಯುವುದಿತ್ತು. ಬದುಕಿಡೀ ಆಕಾರಗಳನ್ನೇ ಅಧ್ಯಯನ ಮಾಡಿದ ತಾವೆಲ್ಲ, ಒಬ್ಬರ ತಲೆ ಇನ್ನೊಬ್ಬರ ಮುಖಕ್ಕೆ ಅಡ್ಡ ಬರದಂತೆ ನಿಲ್ಲಲು ಇಪ್ಪತ್ತೈದು ನಿಮಿಷ ತೆಗೆದುಕೊಂಡಿರಿ. ಕೊನೆಗೆ ಛಾಯಾಗ್ರಾಹಕ ಸ್ಟೂಲಿನ ಮೇಲೆ ಹತ್ತಿ, ಇನ್ನು ಯಾರಾದರೂ ಅಲ್ಲಾಡಿದರೆ ನಾನು ಮನೆಗೆ ಹೋಗುತ್ತೇನೆ ಎಂದು ಗದರಿದ. ಎಲ್ಲರೂ ಕಲ್ಲಾದರು. ಆಗ ಸಂಶೋಧಕಿ ಎರಡನೆಯ ಸಾಲಿನಿಂದ ಇಳಿದು, ನನ್ನ ತೋಳು ಹಿಡಿದು ಎಳೆದುಕೊಂಡು ಹೋಗಿ, ಕ್ಯಾಮೆರಾದ ಎಡಗಡೆ ನಿಂತು, ಕೈಯೆತ್ತಿದರು.

ಏಳು ನಿಮಿಷ, ಮಾನ್ಯರೇ. ಹಲಗೆಯಿಲ್ಲ, ಸೀಮೆಸುಣ್ಣವಿಲ್ಲ. ಅವರ ಕೈಗಳೇ ತಂತಿಯಾದವು, ಬಾಗಿದವು, ನಡುವಿನ ಗಾಳಿಯಲ್ಲಿ ಪೊರೆ ನಡುಗಿದ್ದು ನನಗೇ ಕಂಡಂತಾಯಿತು. ಓಡಲು ಯಾರಿಗೂ ಜಾಗವಿರಲಿಲ್ಲ, ಓಡಿದವರ ಮುಖ ಚಿತ್ರದಲ್ಲಿ ಬರುತ್ತಿರಲಿಲ್ಲ. ಮುಖ್ಯ ಫಲಿತಾಂಶ ಬಂದಾಗ ಅವರು ಬೆರಳೆತ್ತಿ, ಕೆಳಗಿನ ಕೈಯನ್ನು ನಿಧಾನವಾಗಿ ತಂದು ಇಟ್ಟರು. ನಾನು ‘ಕನಿಷ್ಠ ಒಂದು’ ಎಂದು ಹೇಳಿದ್ದು ಗೇಟಿನ ಕಾವಲುಗಾರನಿಗೂ ಕೇಳಿಸಿ ಆತ ಬಗ್ಗಿ ನೋಡಿದ. ಊರುಗೋಲಿನ ಮೇಷ್ಟ್ರು ನಡುವಿನ ಕುರ್ಚಿಯಿಂದಲೇ ಒಂದು ಪ್ರಶ್ನೆ ಹಾಕಿದರು, ತಂತಿ ತನ್ನನ್ನು ತಾನೇ ಮುಟ್ಟಿದರೆ ಏನಾಗುತ್ತದೆಂದು. ಸಂಶೋಧಕಿ ಉತ್ತರಿಸಿದರು. ನನಗೆ ಅರ್ಧವೂ ಅರ್ಥವಾಗಲಿಲ್ಲ, ಆದರೆ ಒಂದು ಬೆರಳನ್ನೂ ಬಿಡದೆ ದಾಟಿಸಿದೆ. ಮೇಷ್ಟ್ರು ಕಣ್ಣು ಮುಚ್ಚಿ, ತೆರೆದು, ನನ್ನನ್ನಲ್ಲ, ಅವರನ್ನೇ ನೋಡುತ್ತಾ ಹೇಳಿದರು:

“ಸರಿಯಾಗಿದೆಯಮ್ಮ. ನಿನ್ನೆ ನಾನು ಹಲಗೆ ನೋಡ್ಲಿಲ್ಲ. ನೋಡ್ಬೇಕಿತ್ತು.”

ಆ ಕ್ಷಣಕ್ಕೆ ಛಾಯಾಗ್ರಾಹಕ ಗುಂಡಿ ಒತ್ತಿದ. ಕಳೆದ ವಾರ ಸಂಶೋಧಕಿ ಹೊಸ ಕೆಲಸಕ್ಕೆ ಸೇರಿದರು. ಅತ್ತಿಗೆಯ ಮಕ್ಕಳು ಲೆಕ್ಕದಲ್ಲಿ ಫೇಲಾಗುವ ಭಯದಿಂದ ಅತ್ತರಂತೆ.

ಹೀಗೆ ಎಲ್ಲ ಸುಖಾಂತ್ಯವಾದ ಮೇಲೂ ನಾನು ತಮಗೆ ತೊಂದರೆ ಕೊಡುತ್ತಿರುವುದು ಒಂದು ಹಕ್ಕುಸಾಧನೆಗಾಗಿ. ತಮ್ಮ ಸಮ್ಮೇಳನದ ಸಂಪುಟ ಅಚ್ಚಿಗೆ ಹೋಗುತ್ತಿದೆಯೆಂದೂ, ಸೂಚನಾ ಫಲಕದ ಆ ವಾಕ್ಯ ಅದರಲ್ಲಿ ಹಾಗೆಯೇ ಇದೆಯೆಂದೂ ತಿಳಿಯಿತು. ಆ ದೋಷ ನನ್ನ ಸ್ವಂತ ಕೃತಿ. ಅದನ್ನು ಮಂಡಿಸಿದ ಮೊದಲಿಗಳು ನಾನೇ, ನೂರಹನ್ನೆರಡು ಸಾಕ್ಷಿಗಳಿದ್ದಾರೆ. ತಮ್ಮ ರಟ್ಟಿನ ಸಹಕಾರವನ್ನು ಅಡಿಟಿಪ್ಪಣಿಯಲ್ಲಿ ನೆನೆಯಲು ನನ್ನ ಆಕ್ಷೇಪವಿಲ್ಲ. ಆದರೆ ನನ್ನ ತಪ್ಪನ್ನು ಬೇರೊಬ್ಬರ ಹೆಸರಿನಲ್ಲಿ ಪ್ರಕಟಿಸುವುದು ವಿದ್ವತ್ ಲೋಕಕ್ಕೆ ಶೋಭೆಯಲ್ಲ. ಅದನ್ನು ದಯಮಾಡಿ ನನಗೆ ಹಿಂದಿರುಗಿಸಿ. ಮುಂದಿನ ವರ್ಷದಿಂದ ಎರಡು ನಿಮಿಷದ ರಟ್ಟನ್ನು ಗಾಜಿನಲ್ಲಿ ಮಾಡಿಸಿ, ಪ್ರತಿ ಭಾಷಣಕಾರರಿಗೂ ಮೂರಕ್ಕಿಂತ ಹೆಚ್ಚು ‘ಸ್ಪಷ್ಟ’ಗಳನ್ನು ವಿತರಿಸಬೇಡಿ, ಸಾಧ್ಯವಾದರೆ ಅವರ ಬೆನ್ನಿನ ಕಡೆಗೂ ಒಂದೊಂದು ಮುಖ ಮಂಜೂರು ಮಾಡಿಸಿ.

ಇನ್ನು ಆ ಚಿತ್ರ. ಅದರಲ್ಲಿ ಯಾರೂ ಕ್ಯಾಮೆರಾ ನೋಡುತ್ತಿಲ್ಲವಾದ್ದರಿಂದ ಸಂಪುಟದಲ್ಲಿ ಹೋದ ವರ್ಷದ ಚಿತ್ರವನ್ನೇ ಹಾಕುವುದೆಂದು ತಾವು ತೀರ್ಮಾನಿಸಿದ್ದೀರಂತೆ. ನಾನು ಪ್ರತಿಯನ್ನು ತರಿಸಿ ಭೂತಗನ್ನಡಿ ಹಿಡಿದು ನೋಡಿದೆ. ಯಾರೂ ಎಂಬುದು ಸರಿಯಲ್ಲ. ನೂರಹನ್ನೊಂದು ಜನ ಎಡಕ್ಕೆ, ಒಬ್ಬ ಹೆಣ್ಣುಮಗಳ ಕೈಗಳನ್ನು, ಬಾಯಿ ತೆರೆದು ನೋಡುತ್ತಿದ್ದಾರೆ. ಕ್ಯಾಮೆರಾವನ್ನು ನೋಡುತ್ತಾ ಮುಗುಳ್ನಗುತ್ತಿರುವವರು ಕನಿಷ್ಠ ಒಬ್ಬರಿದ್ದಾರೆ. ಹೆಚ್ಚೆಂದರೂ ಒಬ್ಬರೇ. ಆ ಮುಗುಳ್ನಗೆ ತಮಗೆ ಚೆನ್ನಾಗಿ ಒಪ್ಪುತ್ತದೆ, ದಯವಿಟ್ಟು ಅಚ್ಚು ಹಾಕಿಸಿ.

ತಮ್ಮ ವಿಶ್ವಾಸಿ,
ಹಲಗೆಗೆ ಬೆನ್ನು ಮಾಡಿ ಕುಳಿತಿದ್ದ ದುಭಾಷಿ

ಮರೆತ ಮಾತು: ಮುಂದಿನ ಸಮ್ಮೇಳನಕ್ಕೆ ಸಂಶೋಧಕಿಯನ್ನು ಒಂದು ಗಂಟೆಯ ಭಾಷಣಕ್ಕೆ ಆಹ್ವಾನಿಸಿ, ಒಪ್ಪಿಗೆಯನ್ನು ಖುದ್ದಾಗಿ ಫೋನಿನಲ್ಲಿ ಮಾತ್ರ ತಿಳಿಸಬೇಕೆಂದು ಅವರಿಗೆ ಬರೆದಿದ್ದೀರಿ. ಅವರ ಪರವಾಗಿ ನಾನು ಒಂಬತ್ತು ದಿನಗಳಿಂದ ಬೆಳಿಗ್ಗೆ ಸಂಜೆ ಕರೆ ಮಾಡುತ್ತಿದ್ದೇನೆ, ಗಂಟೆ ಹೊಡೆಯುತ್ತಲೇ ಇದೆ, ತಾವು ಎತ್ತುತ್ತಿಲ್ಲ. ದುಭಾಷಿ ಬೇಕಾಗಿರುವುದು ನನಗೋ, ಆ ಸಂಚಾಲಕರಿಗೋ ಎಂದು ಅವರು ಕೇಳುತ್ತಿದ್ದಾರೆ, ಏನೆಂದು ತಿಳಿಸಲಿ?