ಕಾರಿಗೆ ಮೂರು ಮಹಡಿ, ಅಕ್ಕನಿಗೆ ಆಕಾಶ

ಪೇಟೆಬೀದಿ ಅಭಿವೃದ್ಧಿ ಸಮಿತಿಯ ಅಧ್ಯಕ್ಷರಾದ ಮಾನ್ಯರೇ,

ತಮ್ಮ ಪಾದಗಳಿಗೆ ನಮಸ್ಕರಿಸಿ ಪತ್ರ ಆರಂಭಿಸುವುದು ಕ್ರಮವಾದರೂ, ಅವು ನೆಲ ಮುಟ್ಟಿದ್ದನ್ನು ನಮ್ಮ ಬೀದಿಯಲ್ಲಿ ಯಾರೂ ಕಂಡಿಲ್ಲವಾದ್ದರಿಂದ, ತಮ್ಮ ಕಾರಿಗೇ ಕೈಮುಗಿದು, ದೊಡ್ಡಾಸ್ಪತ್ರೆಯ ಎದುರು ಹೆಂಗಸರ ಬಟ್ಟೆ ಹೊಲಿಯುವ ನಾನು ಹೀಗೆ ಅರಿಕೆ ಮಾಡಿಕೊಳ್ಳುತ್ತೇನೆ.

ನನ್ನ ಅಂಗಡಿಯ ಪಕ್ಕದ ಹಳೆಯ ಗೋದಾಮನ್ನು ಕೆಡವಿ ಎಂಟು ಮಹಡಿ ಎಬ್ಬಿಸುವ ನಕ್ಷೆ ತಮ್ಮ ಮುಂದೆ ಬಂದಿತ್ತು. ಕೆಳಗಿನ ಮೂರು ಮಹಡಿ ಕಾರುಗಳಿಗೆ, ನಡುವಿನ ಎರಡು ಕಚೇರಿಗಳಿಗೆ, ಮೇಲಿನ ಮೂರು ಇಲ್ಲೇ ಸುತ್ತಮುತ್ತ ದುಡಿಯುವವರ ಕಡಿಮೆ ಬಾಡಿಗೆಯ ಮನೆಗಳಿಗೆ. ಅದರಲ್ಲೊಂದು ಮನೆಗೆ ನನ್ನ ಅಕ್ಕ ಅರ್ಜಿ ಹಾಕಿದ್ದಳು. ಆಕೆ ಎದುರಿನ ಆಸ್ಪತ್ರೆಯಲ್ಲಿ ನರ್ಸು. ಊರಾಚೆಯಿಂದ ಎರಡು ಬಸ್ಸು ಬದಲಿಸಿ ಬರುತ್ತಾಳೆ, ಮೊದಲನೆಯದು ತಡವಾದರೆ ಎರಡನೆಯದು ಬೆನ್ನು ತೋರಿಸಿ ಹೋಗಿರುತ್ತದೆ. ನಡೆಯಲಾಗದ ಭಾವನನ್ನು ದಿನವೂ ಪಕ್ಕದ ಮನೆಯವರಿಗೆ ಒಪ್ಪಿಸಿ ಬರಬೇಕು. ಇಲ್ಲಿ ಮನೆಯಾದರೆ ಊಟದ ಬಿಡುವಿನಲ್ಲಿ ರಸ್ತೆ ದಾಟಿ ಹೋಗಿ ಅವರಿಗೆ ಎರಡು ತುತ್ತು ತಿನ್ನಿಸಿ ಬರಬಹುದೆಂಬುದಷ್ಟೇ ಆಕೆಯ ಲೆಕ್ಕಾಚಾರವಾಗಿತ್ತು.

ತಾವು ಕರೆದ ಸಾರ್ವಜನಿಕ ಸಭೆಗೆ ನಾವಿಬ್ಬರೂ ಬಂದಿದ್ದೆವು. ಕಟ್ಟಡ ಎತ್ತರವಾದರೆ ಬೀದಿಗೆ ಬಿಸಿಲು ಬೀಳುವುದಿಲ್ಲವೆಂದು, ಪರದೆ ಎಳೆದು ಏಸಿ ಹಾಕಿದ ಸಭಾಂಗಣದಲ್ಲಿ ಕುಳಿತು ಹಿರಿಯರು ವ್ಯಥೆಪಟ್ಟ ರೀತಿಗೆ ನನ್ನ ಕಣ್ಣೂ ಒದ್ದೆಯಾಯಿತು. ಹಾಗಾದರೆ ಕಾರಿನ ಮಹಡಿಯನ್ನೇ ಕಡಿಮೆ ಮಾಡಬಾರದೇಕೆಂದು ಹಿಂದಿನಿಂದ ಯಾರೋ ಕೇಳಿದ್ದಕ್ಕೆ ಮೂಲೆಯಂಗಡಿಯ ಒಡವೆ ವ್ಯಾಪಾರಿಗಳು ಎದ್ದು ನಿಂತು, “ಜನ ಎಲ್ಲಾದ್ರೂ ಇರ್ತಾರೆ ಸಾರ್, ಕಾರು ಎಲ್ಲಿರ್ಬೇಕು ಹೇಳಿ?” ಎಂದರು. ಇಷ್ಟು ಕರುಣೆಯ ಮಾತನ್ನು ನಾನು ಆಸ್ಪತ್ರೆಯ ಎದುರೇ ಇದ್ದೂ ಕೇಳಿರಲಿಲ್ಲ.

ಅಕ್ಕನ ಸರದಿ ಬಂತು. ಮೈಕು ಹಿಡಿದು ಬಾಯಿ ತೆರೆಯುವಷ್ಟರಲ್ಲಿ ಕಾವಲುಗಾರ ಓಡಿಬಂದು, “ಸಾರ್, ಹೊರಗಡೆ ಕಾರ್ ಎತ್ಕೊಂಡು ಹೋಗ್ತಿದಾರೆ!” ಎಂದು ಕೂಗಿದ. ಅಡ್ಡಾದಿಡ್ಡಿ ನಿಲ್ಲಿಸಿದ್ದ ಕಾರುಗಳನ್ನು ಪೊಲೀಸರ ಗಾಡಿ ಎಳೆದೊಯ್ಯುತ್ತಿತ್ತು. ಇಡೀ ಸಭೆ ಧಡಕ್ಕನೆ ಎದ್ದಿತು. ಅಕ್ಕ, “ನಾನು ಮಾತಾಡ್ಲಾ ಸಾರ್, ಕಾಯ್ಲಾ?” ಎಂದು ಕೇಳಿದಳು. ತಾವು ಬಾಗಿಲಲ್ಲಿ ತಿರುಗಿ, “ಮಾತಾಡ್ತಾ ಇರಿ ಅಮ್ಮ, ಬಂದ್ಬಿಡ್ತೀವಿ,” ಎಂದಿರಿ. ಅಷ್ಟು ಅವಸರದಲ್ಲೂ ಅಮ್ಮ ಎನ್ನಲು ಮರೆಯಲಿಲ್ಲ. ಅಕ್ಕ ಮಾತಾಡಿದಳು. ಬಸ್ಸಿನ ಬಗ್ಗೆ, ಭಾವನ ಬಗ್ಗೆ, ಒಂದು ಮಾತನ್ನೂ ಬಿಡದೆ ಖಾಲಿ ಕುರ್ಚಿಗಳಿಗೆ ಹೇಳಿ, ಕೊನೆಗೆ ವಂದನೆಯನ್ನೂ ಸಲ್ಲಿಸಿದಳು. ನಾನೊಬ್ಬನೇ ಚಪ್ಪಾಳೆ ತಟ್ಟಿದೆ. ಆ ಸದ್ದು ಮಾತ್ರ ಬಹಳ ಜೋರಾಗಿ ಕೇಳಿಸಿತು. ತಾವೆಲ್ಲ ಏದುಸಿರು ಬಿಡುತ್ತ ಬಂದು ಕೂತವರೇ ಕೈಯೆತ್ತಿ ಮೇಲಿನ ಮೂರು ಮಹಡಿಗಳನ್ನು ಕಡಿದುಹಾಕಿದಿರಿ.

ಕಳೆದ ವಾರ ಅಕ್ಕ ಆಸ್ಪತ್ರೆ ಬಿಟ್ಟಳು. ಈಗ ಮನೆಯ ಹತ್ತಿರದ ಕ್ಲಿನಿಕ್ಕಿನಲ್ಲಿ ಚೀಟಿ ಕೊಡುವ ಕೆಲಸ. ಅಳುತ್ತಾಳೇನೋ ಎಂದುಕೊಂಡಿದ್ದೆ, “ಇನ್ನು ಬಸ್ಸಿನ ಕಾಟ ಇಲ್ಲ ಕಣೋ,” ಎಂದು ನಕ್ಕಳು. ಆಮೇಲೆ ನನ್ನ ಅಂಗಡಿಯ ಮೆಟ್ಟಿಲ ಮೇಲೆ ನಿಂತು, ತನ್ನ ವಾರ್ಡಿನ ಕಿಟಕಿಗಳನ್ನು ನೋಡುತ್ತಲೇ ಇದ್ದಳು. ನನಗೆ ಹೊಲಿಗೆ ಸರಿಯಾಗಲಿಲ್ಲ. ಹಾಕಿದ್ದನ್ನೇ ಬಿಚ್ಚಿ ಹಾಕಿದೆ.

ಆದಕಾರಣ ತಮ್ಮಲ್ಲಿ ಪ್ರಾರ್ಥನೆಯೇನೆಂದರೆ, ಕಾರುಗಳ ಆ ಮೂರು ಮಹಡಿಗಳಲ್ಲಿ ಒಂದೇ ಒಂದು ಕಾರಿನ ಜಾಗವನ್ನು ನಮ್ಮ ಭಾವನಿಗೆ ಮಂಜೂರು ಮಾಡಬೇಕು. ಅವರ ಕುರ್ಚಿಗೆ ಈಗಾಗಲೇ ನಾಲ್ಕು ಚಕ್ರಗಳಿವೆ. ಹೊಗೆ ಬಿಡುವುದಿಲ್ಲ, ಹಾರನ್ನು ಹೊಡೆಯುವುದಿಲ್ಲ, ನಿಲ್ಲಿಸಿದಲ್ಲೇ ನಿಂತಿರುತ್ತಾರೆ. ನಂಬರ್ ಪ್ಲೇಟು ಬೇಕೇಬೇಕೆಂದರೆ ನಾನೇ ಬಟ್ಟೆಯಲ್ಲಿ ಕಸೂತಿ ಹಾಕಿಕೊಡುತ್ತೇನೆ. ಅಕ್ಕನನ್ನು ಅವರ ಡ್ರೈವರ್ ಎಂದು ಬರೆದುಕೊಂಡರೆ ನಿಯಮಕ್ಕೂ ಭಂಗವಿಲ್ಲ.

ತಮ್ಮ ಔದಾರ್ಯ ತಗ್ಗದಿರಲೆಂದು, ಉಳಿದ ಮಹಡಿಗಳಾದರೂ ನಿಲ್ಲಲೆಂದು ಹಾರೈಸುವ,
ತಮ್ಮ ವಿಶ್ವಾಸಿ,
ಆಸ್ಪತ್ರೆ ಎದುರಂಗಡಿಯ ದರ್ಜಿ

ಮರೆತ ಮಾತು: ಪತ್ರ ಕೊಡಲು ಕಚೇರಿಗೆ ಬಂದಾಗ ತಾವು ಬಿಡುವಾಗಿರಲಿಲ್ಲ, ತಮ್ಮ ಕಾರು ಸಾಹೇಬರು ಬಿಡುವಾಗಿದ್ದರು. ಅವರ ವೈಪರಿನ ಅಡಿಯಲ್ಲಿ ಇಟ್ಟು ಹೋಗುತ್ತಿದ್ದೇನೆ. ತೀರ್ಮಾನ ಮಾಡುವವರು ಹೇಗೂ ಅವರೇ ಆದ್ದರಿಂದ, ತಮಗೆ ತೋರಿಸುವುದು ಬಿಡುವುದು ಅವರ ಇಷ್ಟ.