ನನ್ನ ದನಿಯನ್ನು ಗದ್ದಲವೆಂದು ತೀರ್ಮಾನಿಸಿದ ಸೌಂಡ್ ಕಾರ್ಡಿಗೆ

ಗೆ,
ಶ್ರೀ ಸೌಂಡ್ ಕಾರ್ಡ್ ಅವರು,
ಗದ್ದಲ ನಿವಾರಣಾ ವಿಭಾಗ,
ಕಂಪ್ಯೂಟರ್ ಮೇಜಿನ ಬಲತುದಿ, ನಮ್ಮ ಮನೆ,
ತಾಳಗುಂದದ ಹತ್ತಿರ, ಶಿಕಾರಿಪುರ ತಾಲ್ಲೂಕು.

ಮಾನ್ಯರೇ,

ತಮ್ಮ ನೀಲಿ ದೀಪಕ್ಕೂ, ಆ ದೀಪದ ನೆತ್ತಿಯ ಮೇಲೆ ನಮ್ಮವ್ವ ಹಾಲಮ್ಮ ಮೊದಲ ದಿನವೇ ಇಟ್ಟ ಕುಂಕುಮಕ್ಕೂ, ತಮ್ಮಿಂದ ಹೊರಟು ಕಂಪ್ಯೂಟರಿನ ಬೆನ್ನು ಸೇರುವ ವೈರ್‌ಗೂ ನನ್ನ ನಮಸ್ಕಾರಗಳು.

ಶಿಕಾರಿಪುರ ಮತ್ತು ಸೊರಬ ತಾಲ್ಲೂಕುಗಳ ಜೋಡಿ ಆಟಗಾರರ ಕಂಪ್ಯೂಟರ್ ಗೇಮ್ ಪಂದ್ಯಾವಳಿಯಲ್ಲಿ ನಾನೂ ನನ್ನ ತಂಗಿ ರೋಜಾಳೂ ಗೆದ್ದಿದ್ದ ಸೆಮಿಫೈನಲ್‌ನ ಫಲಿತಾಂಶವನ್ನು ಸಂಘಟಕರು ನಿನ್ನೆ ತಡೆಹಿಡಿದಿದ್ದಾರೆ. ಇಬ್ಬರೇ ಆಡಬೇಕಾದ ಕಡೆ ನಮ್ಮ ಪರವಾಗಿ ಮೂರನೆಯವರೊಬ್ಬರು ಆಡಿದ್ದಾರೆ, ಶತ್ರು ಹತ್ತಿರ ಬಂದಾಗಲೆಲ್ಲ ಕೂಗಿ ಎಚ್ಚರಿಸಿದ್ದಾರೆ ಎಂಬುದು ಸೋತ ಜೋಡಿಯ ರಾಹುಲ್ ಅವರ ದೂರು. ಆ ಮೂರನೆಯವರು ನಮ್ಮ ಟಗರು. ಸುದ್ದಿಯನ್ನು ನನಗೆ ತಿಳಿಸಿದವಳು ರೋಜಾ. ಅವಳಿಗೆ ತಿಳಿಸಿದವರು ಸೊರಬದಲ್ಲಿ ಕಂಪ್ಯೂಟರ್ ಸೆಂಟರ್ ಇಟ್ಟುಕೊಂಡು ಈ ಪಂದ್ಯಾವಳಿಯನ್ನು ನಡೆಸುತ್ತಿರುವ ಹುಲಿಯಪ್ಪನವರು. ಪಂದ್ಯದ ಧ್ವನಿಮುದ್ರಣವನ್ನು ಆದಿಯಿಂದ ಅಂತ್ಯದವರೆಗೆ ಕೇಳಿದ ಅವರು ಅವಳಿಗೆ ಫೋನ್ ಮಾಡಿ, "ನಿಂದು ಸ್ವರ ಇದೆ, ಟಗರಿಂದೂ ಇದೆ. ನಿಮ್ಮಣ್ಣ ಎಲ್ಲಿಗೆ ಹೋಗಿದ್ದ ಮಾರಾಯ್ತಿ?" ಎಂದು ವಿಚಾರಿಸಿದರಂತೆ.

ನಾನು ಎಲ್ಲಿಗೂ ಹೋಗಿರಲಿಲ್ಲ ಎಂಬುದಕ್ಕೆ ತಾವೊಬ್ಬರೇ ಸಾಕ್ಷಿ. ಪಂದ್ಯ ಮುಗಿಯುವವರೆಗೆ ತಮ್ಮ ಮುಂದೆಯೇ ಕುಳಿತು, ಕುತ್ತಿಗೆಯ ನರ ಉಬ್ಬುವಂತೆ ಕಿರುಚುತ್ತಿದ್ದೆ. ಆ ಕಿರುಚಾಟದ ಒಂದಕ್ಷರವೂ ಸೊರಬ ತಲುಪದಂತೆ ನೋಡಿಕೊಂಡವರು ತಾವು.

ಸಾರ್ವಜನಿಕರ ಅವಗಾಹನೆಗಾಗಿ ಹಿಂದಿನ ಸಂಗತಿಗಳನ್ನು ಕ್ರಮವಾಗಿ ನಿವೇದಿಸಿಕೊಳ್ಳುತ್ತೇನೆ. ನಮ್ಮದು ಕುರಿ ಸಾಕುವ, ಜೊತೆಗೆ ಒಂದಿಷ್ಟು ಮೆಕ್ಕೆಜೋಳ ಬೆಳೆಯುವ ಮನೆ. ರೋಜಾ ಮದುವೆಯಾಗಿ ಸೊರಬಕ್ಕೆ ಹೋದ ಮೇಲೆ ನಾವಿಬ್ಬರೂ ಫೋನಿನಲ್ಲಿ ಮಾತನಾಡುವುದನ್ನು ಪ್ರಾಮಾಣಿಕವಾಗಿ ಪ್ರಯತ್ನಿಸಿದೆವು. ಊಟ ಆಯ್ತಾ ಎಂದು ಅವಳು ಕೇಳುತ್ತಿದ್ದಳು, ಆಯ್ತು ಎಂದು ನಾನು ಹೇಳುತ್ತಿದ್ದೆ, ಅಲ್ಲಿ ಮಳೆ ಬಂತಾ ಎಂದು ನಾನು ಕೇಳುತ್ತಿದ್ದೆ, ಬಂತು ಎಂದು ಅವಳು ಹೇಳುತ್ತಿದ್ದಳು. ಆಮೇಲೆ ಇಬ್ಬರೂ ಸುಮ್ಮನೆ ಫೋನ್ ಹಿಡಿದುಕೊಂಡು ಉಸಿರಾಡುತ್ತಿದ್ದೆವು. ಆದರೆ ಪಾಳುಬಿದ್ದ ಕಟ್ಟಡಗಳ ನಡುವೆ ಅಡಗಿ, ಎದುರಾಳಿಯ ಹೆಜ್ಜೆ ಸಪ್ಪಳ ಬಂದ ದಿಕ್ಕಿಗೆ ಬಂದೂಕು ತಿರುಗಿಸುವ ಈ ಆಟದಲ್ಲಿ ಅವಳನ್ನು ಒಂದು ಗೋಡೆಯ ಹಿಂದೆ ಕೂರಿಸಿದರೆ ಸಾಕು, ಮನೆಯ ಸುದ್ದಿ, ಊರ ಸುದ್ದಿ, ಅತ್ತೆ ಸಾರಿಗೆ ಹಾಕುವ ಬೆಲ್ಲದ ಸುದ್ದಿ ಎಲ್ಲವೂ ತಾನಾಗಿಯೇ ಹೊರಬರುತ್ತಿತ್ತು. ಗುಂಡು ಹಾರುವ ಹೊತ್ತಿನಲ್ಲಿ ಯಾರೂ ಸಂಕೋಚಪಡುವುದಿಲ್ಲ. ಪಂದ್ಯಾವಳಿ ಮುಗಿಯುವವರೆಗೆ ಸಂಜೆಯ ಆ ಹೊತ್ತು ಅವಳದು, ಅಷ್ಟರವರೆಗೆ ರೊಟ್ಟಿ ತಟ್ಟುವುದು ತಮ್ಮದು ಎಂದು ಅವಳ ಅತ್ತೆಯವರು ದೊಡ್ಡ ಮನಸ್ಸಿನಿಂದ ಒಪ್ಪಿದ್ದಾರೆ. ಪಂದ್ಯಾವಳಿಯಿಂದ ನಾವು ಹೊರಬಿದ್ದ ದಿನವೇ ಆ ಒಪ್ಪಂದವೂ ಮುಗಿಯುತ್ತದೆ. ಆದ್ದರಿಂದ ತಡೆಹಿಡಿದಿರುವುದು ಒಂದು ಫಲಿತಾಂಶವನ್ನಷ್ಟೇ ಅಲ್ಲವೆಂದು ತಾವು ತಿಳಿಯಬೇಕು.

ಇನ್ನು ತಮ್ಮ ಸಹೋದ್ಯೋಗಿಗಳಾದ ಹೆಡ್‌ಫೋನ್ ಅವರ ನೇಮಕಾತಿಯ ವಿಚಾರ. ಅವರನ್ನು ಆಯ್ಕೆ ಮಾಡಿದವರು ನನ್ನ ಅಪ್ಪ ಸಣ್ಣಬೀರಪ್ಪ. ಕುರಿಯ ಕೊರಳಿಗೆ ಗಂಟೆ ಕೊಳ್ಳುವಾಗ ನಮ್ಮಲ್ಲಿ ಒಂದು ಕ್ರಮವಿದೆ. ಒಬ್ಬರು ಗಂಟೆ ಹಿಡಿದು ದೂರ ಹೋಗಿ ಬಾರಿಸಬೇಕು, ಇನ್ನೊಬ್ಬರು ಕಣ್ಣು ಮುಚ್ಚಿ ಅದು ಯಾವ ದಿಕ್ಕಿನಲ್ಲಿದೆ ಎಂದು ಕೈ ತೋರಿಸಬೇಕು, ಕೈ ಸರಿಯಾದರೆ ಗಂಟೆ ಮನೆಗೆ ಬರುತ್ತದೆ. ದಿಕ್ಕು ತಿಳಿಯುವ ಹೆಡ್‌ಫೋನ್ ಬೇಕೆಂದು ನಾನು ಹೇಳಿದ್ದರಿಂದ, ಅಪ್ಪ ಒಂದು ಗಂಟೆಯನ್ನು ಚೀಲಕ್ಕೆ ಹಾಕಿಕೊಂಡೇ ಶಿಕಾರಿಪುರದ ವೀರಬಸಪ್ಪನವರ ಅಂಗಡಿಗೆ ಬಂದರು. ನನ್ನನ್ನು ಸ್ಟೂಲಿನ ಮೇಲೆ ಕೂರಿಸಿ, ಕಿವಿಗೆ ಹೆಡ್‌ಫೋನ್ ಹಾಕಿಸಿ, ಕಣ್ಣು ಮುಚ್ಚಿಸಿ, ತಾವು ಗಂಟೆ ಹಿಡಿದು ರಸ್ತೆಗಿಳಿದರು.

"ಯಜಮಾನ್ರೇ, ಇರ್ರೀ, ಹಾಡು ಹಾಕಿ ಕೇಳಿಸ್ತೀನಿ," ಎಂದು ವೀರಬಸಪ್ಪನವರು ಕೂಗಿದ್ದು ನಿಜ. "ಹಾಡು ಯಾರಿಗೆ ಬೇಕಾಗೇತ್ರೀ? ಗಂಟಿ ಯಾವ ಕಡೆಗೈತೆ ಅಂತ ಅವನು ಹೇಳ್ಲಿ," ಎಂದು ಅಪ್ಪ ಔಷಧಿ ಅಂಗಡಿಯ ಮೆಟ್ಟಿಲ ಮೇಲಿಂದ ಉತ್ತರ ಕೊಟ್ಟಿದ್ದೂ ನಿಜ. ಹೊರಗಿನ ಸದ್ದನ್ನು ಪೂರ್ತಿ ತಡೆಯುವುದೇ ತಮ್ಮ ಹೆಚ್ಚುಗಾರಿಕೆ ಎಂದು ಪೆಟ್ಟಿಗೆಯ ಮೇಲೆ ಅಚ್ಚು ಹಾಕಿಸಿಕೊಂಡಿದ್ದ ದುಬಾರಿ ಹೆಡ್‌ಫೋನ್‌ಗಳೆಲ್ಲ ಈ ಪರೀಕ್ಷೆಯಲ್ಲಿ ಒಂದರ ಹಿಂದೊಂದು ನಪಾಸಾದವು. "ಇದು ಕಿವಿಗೆ ಹಾಕೋದಲ್ಲ, ಕಿವಿಗೆ ಬೀಗ ಹಾಕೋದು. ತೆಗೀಲೇ," ಎಂದು ಅಪ್ಪ ಅವುಗಳನ್ನು ತಾವೇ ಕಳಚಿಟ್ಟರು. ಕೊನೆಗೆ ಕಪಾಟಿನ ಮೇಲಿನ ಅರೆಯಿಂದ ಧೂಳು ಒರೆಸಿ ಇಳಿಸಿದ ಒಂದು ಹೆಡ್‌ಫೋನಿನಲ್ಲಿ, ಅದರ ಬೆನ್ನಿಗೆ ಮುಚ್ಚಳದ ಬದಲು ಬರೀ ಜಾಲರಿ ಇದ್ದುದರಿಂದ, ಗಂಟೆಯೂ ಕೇಳಿಸಿತು, ಆಟೋ ಹಾರನ್ನೂ ಕೇಳಿಸಿತು, ಪಕ್ಕದ ಹೋಟೆಲಿನಲ್ಲಿ ಯಾರೋ ಚಟ್ನಿ ಕೇಳಿದ್ದೂ ಕೇಳಿಸಿತು. ನಾನು ಕೈ ತೋರಿಸಿದ ದಿಕ್ಕಿನಿಂದಲೇ ಅಪ್ಪ ನಡೆದು ಬಂದರು. ನೇಮಕಾತಿ ಆಯಿತು. ಆ ಹೆಡ್‌ಫೋನ್ ಮಾರಾಟವಾದೀತೆಂಬ ಆಸೆಯನ್ನೇ ಬಿಟ್ಟಿದ್ದ ವೀರಬಸಪ್ಪನವರು ಅಪ್ಪನಿಗೆ ಚಹಾ ತರಿಸಿದರು.

ಇಲ್ಲೊಂದು ಸಂಗತಿಯನ್ನು ದಾಖಲಿಸಬೇಕು. ಬೆನ್ನು ತೆರೆದ ಇಂಥ ಹೆಡ್‌ಫೋನಿನಲ್ಲಿ ಸದ್ದು ಹರಡಿಕೊಂಡು, ಯಾವುದು ದೂರ, ಯಾವುದು ಹತ್ತಿರ ಎಂಬುದು ಚೆನ್ನಾಗಿ ತಿಳಿಯುತ್ತದೆಂದು ಗೇಮ್ ಆಡುವ ಬಲ್ಲವರು ಹೇಳುತ್ತಾರೆ. ತೀರಾ ತಪ್ಪಾದ ಪರೀಕ್ಷೆಯಿಂದ ತಕ್ಕಮಟ್ಟಿಗೆ ಸರಿಯಾದ ಅಭ್ಯರ್ಥಿಯನ್ನು ಆರಿಸಿದ ಕೀರ್ತಿ ಅಪ್ಪನಿಗೆ ಸಲ್ಲುತ್ತದೆ. ಆದರೆ ಒಳಗೆ ಬರುವ ದಾರಿ ಇದ್ದಲ್ಲಿ ಹೊರಗೆ ಹೋಗುವ ದಾರಿಯೂ ಇರುತ್ತದೆ. ನನ್ನ ಕಿವಿಗೆಂದು ಬಂದ ಸದ್ದು ಜಾಲರಿಯಿಂದ ಸೋರಿ ಕಿಟಕಿಯವರೆಗೆ ಹೋಗುತ್ತಿತ್ತು. ಕಿಟಕಿಯ ಆಚೆ, ಕುರಿಗಳ ರೊಪ್ಪದ ಬೇಲಿಗೆ ಒರಗಿಕೊಂಡು ನಿಲ್ಲುತ್ತಿದ್ದವನು ಬೋಂಡ.

ಬೋಂಡ ಎಂಬುದು ಮೇಲೆ ಹೇಳಿದ ಟಗರಿನ ಹೆಸರು. ಹುಟ್ಟಿದಾಗ ಅವನ ಬಣ್ಣ ಹಾಗಿತ್ತು. ತಾಯಿ ಸತ್ತ ಮರಿಯಾಗಿದ್ದ ಅವನನ್ನು ಬಾಟಲಿ ಹಾಲು ಹಾಕಿ ಬದುಕಿಸಿದವಳು, ಹೆಸರಿಟ್ಟವಳು ರೋಜಾ.

ತಮ್ಮ ಆಗಮನಕ್ಕೆ ಕಾರಣನಾದವನೂ ಅವನೇ. ಹೆಡ್‌ಫೋನಿಗೆ ಜೋಡಿಸಿದ್ದ ಮೈಕು ನನ್ನ ಮಾತಿನ ಜೊತೆಗೆ ರೊಪ್ಪದ ಸಕಲ ವಿದ್ಯಮಾನಗಳನ್ನೂ ಸೊರಬಕ್ಕೆ ರವಾನಿಸುತ್ತಿತ್ತು. "ಎಂತ ಅಣ್ಣ ಇದು, ಆಟ ಆಡ್ತಿದೀಯೋ, ಕುರಿ ಎಣಿಸ್ತಿದೀಯೋ?" ಎಂದು ರೋಜಾ ಸೊರಬದ ಹೊಸ ಭಾಷೆಯಲ್ಲಿ ಆಕ್ಷೇಪಿಸಿದಳು. ಆಗ ವೀರಬಸಪ್ಪನವರು ತಮ್ಮನ್ನು ತೋರಿಸಿದರು. ಸುತ್ತಲಿನ ಗದ್ದಲವನ್ನೆಲ್ಲ ಅಳಿಸಿ, ಮಾಲೀಕನ ದನಿಯೊಂದನ್ನೇ ಮುಂದಕ್ಕೆ ಕಳಿಸುತ್ತೀರಿ, ಯಾರು ಮಾಲೀಕ ಎಂಬುದನ್ನು ತಾವೇ ಕಲಿತುಕೊಳ್ಳುತ್ತೀರಿ ಎಂಬ ತಮ್ಮ ವಿದ್ಯಾರ್ಹತೆಗೆ ಮಾರುಹೋಗಿ, ಈ ಸಲ ಗಂಟೆಯ ಪರೀಕ್ಷೆಯನ್ನೂ ಮಾಡದೆ ತಮ್ಮನ್ನು ಮನೆಗೆ ತಂದೆವು. ಅದು ನಮ್ಮ ತಪ್ಪೆಂದು ಅಪ್ಪ ಈಗಲೂ ಹೇಳುತ್ತಾರೆ.

ದನಿ ಕಲಿಯುವ ಶುಭ ಸಂಜೆಯಂದು ತಾವು ಪರದೆಯ ಮೇಲೆ, ದಯವಿಟ್ಟು ಮೈಕಿನ ಹತ್ತಿರ ಸಹಜವಾಗಿ ಮಾತನಾಡಿ ಎಂದು ಕೇಳಿಕೊಂಡಿರಿ. ಸಹಜವಾಗಿ ಏನು ಮಾತನಾಡುವುದೆಂದು ತಿಳಿಯದೆ ನಾನು ಅಂದಿನ ಪತ್ರಿಕೆಯನ್ನು ಬಿಡಿಸಿ, ಅಂಬ್ಲಿಗೊಳ ಜಲಾಶಯದ ನೀರಿನ ಮಟ್ಟವನ್ನು ಓದಲು ಬಾಯಿ ತೆರೆದಿದ್ದೆ. ಅಷ್ಟರಲ್ಲಿ ರೊಪ್ಪದ ಬಾಗಿಲು ತೆರೆದುಕೊಂಡಿತು. ಹೆಡ್‌ಫೋನನ್ನು ಕಿಟಕಿಯ ಹಲಗೆಯ ಮೇಲಿಟ್ಟು ಹೊರಗೆ ಓಡಿದೆ, ಮೆಕ್ಕೆಜೋಳಕ್ಕೆ ನುಗ್ಗುತ್ತಿದ್ದ ಕುರಿಗಳನ್ನು ದೂರದಿಂದ ಗಂಟಲು ಹರಿಯುವಂತೆ ಕೂಗಿ ತಿರುಗಿಸಿದೆ. ಅದೇ ಹೊತ್ತಿಗೆ ಬೋಂಡ ಕಿಟಕಿಯ ಸರಳುಗಳ ನಡುವೆ ಮೂತಿ ತೂರಿಸಿ, ಮೈಕಿನ ಹತ್ತಿರ, ಸಹಜವಾಗಿ, ತನಗೆ ಹೇಳಬೇಕಾದದ್ದನ್ನೆಲ್ಲ ಹೇಳಿದ. ನಾನು ಏದುಸಿರು ಬಿಡುತ್ತ ಬಂದು ನೋಡುವಾಗ ತಾವು, ಧನ್ಯವಾದಗಳು, ನಿಮ್ಮ ದನಿಯನ್ನು ಗುರುತಿಸಲಾಗಿದೆ ಎಂದು ಬರೆದಿದ್ದಿರಿ.

ಅಂದಿನಿಂದ ತಮ್ಮ ದಾಖಲೆಯಲ್ಲಿ ಬೋಂಡ ಮಾಲೀಕ, ನಾನು ದೂರದ ಗದ್ದಲ. ಕಲಿತದ್ದನ್ನು ಮರೆಸುವ ಗುಂಡಿಯನ್ನೂ ಒತ್ತಿದೆ. ತಾವು ಮತ್ತೆ ಮಾತನಾಡಿ ಎಂದಿರಿ, ಬೋಂಡ ಮತ್ತೆ ನನಗಿಂತ ಮೊದಲು ಮಾತನಾಡಿದ. ತಮ್ಮ ನಿಷ್ಪಕ್ಷಪಾತ ಧೋರಣೆಯನ್ನು ಎಷ್ಟು ಹೊಗಳಿದರೂ ಕಡಿಮೆ. ಈ ಮನೆಯಲ್ಲಿ ಹುಟ್ಟಿ ಬೆಳೆದ ಮಗನೆಂದು ನನಗೆ ಯಾವ ರಿಯಾಯಿತಿಯನ್ನೂ ತಾವು ತೋರಿಸಲಿಲ್ಲ.

ಆಮೇಲೆ ನಡೆದದ್ದನ್ನು ಬರೆಯಲು ನನಗೆ ಕಷ್ಟವಾಗುತ್ತದೆ. ನಾವು ಗೆಲ್ಲತೊಡಗಿದೆವು. ನನ್ನ ದನಿ ಸೊರಬ ತಲುಪುತ್ತಿದ್ದ ಕಾಲದಲ್ಲಿ ಹೆಜ್ಜೆ ಸಪ್ಪಳ ಬಂದೊಡನೆ ನಾನು ಎಡಕ್ಕೆ ಎನ್ನುತ್ತಿದ್ದೆ, ಅಲ್ಲಲ್ಲ ಬಲಕ್ಕೆ ಎನ್ನುತ್ತಿದ್ದೆ, ಅಷ್ಟರಲ್ಲಿ ಇಬ್ಬರೂ ಸಾಯುತ್ತಿದ್ದೆವು. ಒಂದು ಪಂದ್ಯವನ್ನೂ ಗೆದ್ದ ಉದಾಹರಣೆಯಿಲ್ಲ. ಈಗ ರೋಜಾ ಗೋಡೆಯ ಹಿಂದೆ ಕುಳಿತು, ದನಿ ತಗ್ಗಿಸಿ, "ಯಾರೋ ಬಂದಂಗಾತು," ಎನ್ನುತ್ತಾಳೆ. ಬೋಂಡ ಒಮ್ಮೆ ಕೂಗುತ್ತಾನೆ. ಅವಳು ತಿರುಗಿ ಗುಂಡು ಹೊಡೆಯುತ್ತಾಳೆ. ಎದುರಾಳಿ ಬೀಳುತ್ತಾನೆ. ತಮ್ಮನ್ನು ತೆಗೆದು ಪಕ್ಕಕ್ಕಿಡುತ್ತೇನೆಂದು ನಾನು ಫೋನ್ ಮಾಡಿದರೆ, "ಮುಟ್ಟಬ್ಯಾಡ ಅಣ್ಣ, ಫೈನಲ್ ಮುಗೀಲಿ. ನಮ್ ಬೋಂಡ ಕರೆಕ್ಟಾಗಿ ಹೇಳ್ತಾನೆ," ಎನ್ನುತ್ತಾಳೆ. ನನಗೆ ನೇರವಾಗಿ ಏನನ್ನೂ ಅನ್ನಲಿಲ್ಲ. ಅವಳ ಸಂಸ್ಕಾರ ದೊಡ್ಡದು.

ಗೆಲುವಿನ ಮಾತು ಹಾಗಿರಲಿ. ಆಟದ ನಡುವೆ ಅವಳು ಎಂದಿನಂತೆ ಸುದ್ದಿ ಹೇಳುತ್ತಾಳೆ. ಮನೆಯ ಹಿಂದೆ ನೆಟ್ಟ ಬದನೆ ಹೂ ಬಿಟ್ಟಿದೆಯೆಂದಳು. ಚೆನ್ನಾಯಿತು ಎಂದೆ, ಅಳಿಸಿದಿರಿ. ಅತ್ತೆಯ ಮೊಣಕಾಲು ನೋವು ಕಡಿಮೆಯಾಗಿದೆಯೆಂದಳು. ಯಾವ ಡಾಕ್ಟರು ಎಂದು ಕೇಳಿದೆ, ಅಳಿಸಿದಿರಿ. ಅವ್ವ ನನ್ನ ನೆನೆಸ್ತಾಳೇನು ಎಂದು ಕೇಳಿದಳು. ದಿನಾ ನೆನೆಸುತ್ತಾಳೆ ಎಂದು ನಾನು ಎದ್ದು ನಿಂತು ಕೂಗಿದೆ, ಅಡುಗೆಮನೆಯಿಂದ ಅವ್ವ ಬಂದು, "ಯಾಕಪಾ, ಏನಾತು?" ಎಂದು ಹಣೆ ಮುಟ್ಟಿ ನೋಡಿದಳು, ತಾವು ಅದನ್ನೂ ಅಳಿಸಿ, ಆ ಪ್ರಶ್ನೆಗೆ ಬೋಂಡನ ಉತ್ತರವನ್ನಷ್ಟೇ ಕಳಿಸಿಕೊಟ್ಟಿರಿ.

ದೂರು ಬಂದ ಮೇಲೆ ಸಂಗತಿ ಏನೆಂದು ನಾನೇ ಪರಿಶೀಲಿಸಿದೆ. ರೋಜಾ ಇಲ್ಲದ ಹೊತ್ತಿನಲ್ಲಿ ಆಟ ಹಾಕಿ, ಎದುರಾಳಿಗಳ ಹೆಜ್ಜೆ ಸಪ್ಪಳವನ್ನು ಹೆಡ್‌ಫೋನಿನ ಜಾಲರಿಯಿಂದ ಬೋಂಡನಿಗೆ ಕೇಳಿಸಿದೆ. ಅವನು ಮೆಕ್ಕೆಜೋಳದ ಸೊಪ್ಪೆ ತಿನ್ನುತ್ತ ಇದ್ದ. ಆಟದಲ್ಲಿ ಮದ್ದುಗುಂಡು ಸಿಡಿಸಿದೆ. ಸೊಪ್ಪೆ ಮುಗಿಸಿ ಇನ್ನೊಂದು ಸಿವುಡಿಗೆ ಬಾಯಿ ಹಾಕಿದ. ಬಳಿಕ ಆಟದ ಸದ್ದನ್ನು ಪೂರ್ತಿ ನಿಲ್ಲಿಸಿ, ರೋಜಾಳಿಗೆ ಆಟದ ಮೈಕಿನಲ್ಲಿ ಬರೀ ಮಾತನಾಡಲು ಫೋನಿನಲ್ಲಿ ತಿಳಿಸಿದೆ. ಅವಳು ಜೋರಾಗಿ ಮಾತನಾಡಿದಾಗ ಅವನು ಕಿವಿ ಅಲ್ಲಾಡಿಸಿದ. ದನಿ ತಗ್ಗಿಸಿದೊಡನೆ ಸೊಪ್ಪೆ ಬಿಟ್ಟು, ಕಿಟಕಿಗೆ ಬಂದು ಕೂಗಿದ. ಬೇರೆ ಮರಿಗಳು ಮುತ್ತಿಕೊಳ್ಳಬಾರದೆಂದು, ಬಾಟಲಿ ಹಾಲು ಕುಡಿಸುವಾಗ ಅವಳು ಅವನನ್ನು ಕರೆಯುತ್ತಿದ್ದುದು ಅದೇ ತಗ್ಗಿದ ದನಿಯಲ್ಲಿ. ಬೋಂಡನಿಗೆ ಶತ್ರುವೂ ಗೊತ್ತಿಲ್ಲ, ದಿಕ್ಕೂ ಗೊತ್ತಿಲ್ಲ. ಶತ್ರು ಬಂದದ್ದನ್ನು ಮೊದಲು ಕೇಳಿಸಿಕೊಂಡು ದನಿ ತಗ್ಗಿಸುತ್ತಿದ್ದವಳು ರೋಜಾಳೇ. ಅವನು ಓಗೊಡುತ್ತಿದ್ದ, ಅಷ್ಟೇ. ಸೆಮಿಫೈನಲ್‌ನ ಆಟಗಾರರು ಇಬ್ಬರಲ್ಲ, ಮೂವರೂ ಅಲ್ಲ, ಅವಳೊಬ್ಬಳೇ ಎಂಬುದು ನನ್ನ ಪರಿಶೀಲನೆಯ ಫಲಿತಾಂಶ. ಇದನ್ನು ಹುಲಿಯಪ್ಪನವರಿಗೆ ತಿಳಿಸಿದ್ದೇನೆ. "ಬಾಯಲ್ಲಿ ಹೇಳಿದ್ರೆ ಆಗೂದಿಲ್ಲ, ಟಗರನ್ನು ಕರ್ಕೊಂಡ್ ಬನ್ನಿ. ನಾನೇ ಹೆಜ್ಜೆ ಸದ್ದು ಹಾಕಿ ನೋಡ್ತೆ. ಕೂಗಿದ್ರೆ ನೀವು ಹೊರಗೆ, ಕೂಗದಿದ್ರೆ ಒಳಗೆ," ಎಂದು ಅವರು ತೀರ್ಮಾನ ಕೊಟ್ಟಿದ್ದಾರೆ.

ಆದಕಾರಣ ತಮ್ಮಲ್ಲಿ ಕೆಲವು ವಿನಂತಿಗಳಿವೆ. ಪರೀಕ್ಷೆ ಮುಗಿಯುವವರೆಗೆ ತಾವು ಹೊಸದಾಗಿ ಏನನ್ನೂ ಕಲಿಯಬಾರದು. ನನ್ನನ್ನು ಮನುಷ್ಯನೆಂದು ಪರಿಗಣಿಸಲು ನಿಯಮ ಅಡ್ಡಬಂದರೆ ಬೋಂಡನ ಅವಲಂಬಿತನೆಂದಾದರೂ ನಮೂದಿಸಿಕೊಂಡು, ದಿನಕ್ಕೆ ಒಂದು ವಾಕ್ಯವನ್ನು ಸೊರಬಕ್ಕೆ ಬಿಡಬೇಕು. ಎಡ ಬಲ ಎನ್ನುವುದಿಲ್ಲವೆಂದು ಬರೆದುಕೊಡಲು ಸಿದ್ಧನಿದ್ದೇನೆ. ಅದೂ ಆಗದಿದ್ದರೆ, ಇಷ್ಟು ದಿನ ಅಳಿಸಿದ ನನ್ನ ಮಾತುಗಳನ್ನು ತಾವು ಎಲ್ಲಾದರೂ ಒಂದು ಕಡೆ ಇಟ್ಟಿರಬಹುದೆಂಬ ನಂಬಿಕೆ ನನಗಿದೆ. ಅವುಗಳಲ್ಲಿ ಅವ್ವ ದಿನಾ ನೆನೆಸುತ್ತಾಳೆ ಎಂಬ ಒಂದನ್ನು ಮಾತ್ರ ಹುಡುಕಿ, ವಿಳಂಬವಾಗಿದ್ದಕ್ಕೆ ವಿಷಾದ ಸೂಚಿಸಿ, ಈಗಲಾದರೂ ತಲುಪಿಸಬೇಕು.

ದಿನವೂ ತಮ್ಮಿಂದ ಅಳಿಸಲ್ಪಡುವ,
ಆದರೂ ತಮ್ಮ ವಿಶ್ವಾಸಿ,
ಯತೀಶ

ವಿ.ಸೂ.: ಈ ಪತ್ರವನ್ನು ಬರೆದು ಮುಗಿಸಿದ ಸಂಜೆಯೇ ತಮ್ಮ ಮುಂದೆ ಮೈಕಿಗೆ ಗಟ್ಟಿಯಾಗಿ ಓದಿದೆ. ಪೂರ್ತಿ ಪತ್ರದಲ್ಲಿ ರೋಜಾಳಿಗೆ ತಲುಪಿದ್ದು, ನಡುನಡುವೆ ಬೋಂಡ ವ್ಯಕ್ತಪಡಿಸಿದ ಅಭಿಪ್ರಾಯಗಳು ಮಾತ್ರ. ಅವನನ್ನು ಪರೀಕ್ಷೆಗೆ ತಾನೇ ಕರೆದುಕೊಂಡು ಹೋಗುತ್ತೇನೆಂದು ಅವಳು ಶನಿವಾರ ಸಂಜೆಯ ಬಸ್ಸಿಗೆ ಮನೆಗೆ ಬರುತ್ತಿದ್ದಾಳೆ. ಅಂದು ರಾತ್ರಿ ಮಾತುಕತೆ ಮುಖಾಮುಖಿ ನಡೆಯುವುದರಿಂದ ತಮ್ಮ ವೈರನ್ನು ಕಿತ್ತಿಡಲಾಗುವುದು. ಪರೀಕ್ಷೆ ಭಾನುವಾರ ಬೆಳಿಗ್ಗೆ ಹನ್ನೊಂದು ಗಂಟೆಗೆ, ಸೊರಬದಲ್ಲಿ.