ಬೇಡದ ಮೇಲ್‌ಗೂ ಉತ್ತರ ಬರೆಯುವ ನಮ್ಮ ಸೋದರಮಾವ

ಜಗತ್ತಿನಲ್ಲಿ ಬೇಡದ ಇ-ಮೇಲ್‌ಗಳಿಗೆಲ್ಲ ಕೂತು ವಿನಯದಿಂದ ಉತ್ತರ ಬರೆದ ಏಕೈಕ ಮನುಷ್ಯ ನಮ್ಮ ಸೋದರಮಾವ! ನೀವು ನಂಬದಿದ್ದರೆ ಬಿಡಿ. ಅದರಿಂದ ನನ್ನ ಮದುವೆಯೇ ತಪ್ಪಿಹೋಗುವುದರಲ್ಲಿತ್ತು.

ಅದು ತೊಂಬತ್ತರ ದಶಕದ ಕೊನೆ. ದಾವಣಗೆರೆಯ ಎಂ.ಸಿ.ಸಿ. ಬಡಾವಣೆಯಲ್ಲಿ ಮಾವ ಇ-ಮೇಲ್ ಅಂಗಡಿ ತೆರೆದಿದ್ದರು. ಗಿರಾಕಿಗಳು ಬರೆದ ಮೇಲ್‌ಗಳೆಲ್ಲ ಒಂದೇ ಕಂಪ್ಯೂಟರಿನಲ್ಲಿ ಸಾಲಾಗಿ ಕಾಯುತ್ತಿದ್ದವು. ಫೋನ್ ಲೈನ್ ಸಿಕ್ಕಾಗ ಒಂದರ ಹಿಂದೊಂದು ಹೋಗಬೇಕು. ಆ ಕಂಪ್ಯೂಟರನ್ನು ಮಾವ "ಸರ್ವರ್ ಸಾಹೇಬ್ರು" ಎನ್ನುತ್ತಿದ್ದರು. ಸೋಮವಾರ ಅದಕ್ಕೂ ವಿಭೂತಿ!

"ಬೊಕ್ಕತಲೆಗೆ ಔಷಧಿ" ಎಂದು ಯಾರೋ ಎಲ್ಲಿಂದಲೋ ಬರೆದರೆ ನಾವು ಅಳಿಸಿ ಸುಮ್ಮನಾಗುತ್ತೇವೆ. ಮಾವ? "ನಮಸ್ಕಾರ. ಸದ್ಯಕ್ಕೆ ನನ್ನ ತಲೆತುಂಬ ಕೂದಲಿದೆ. ಈ ಕಡೆ ಬಂದರೆ ಮಂಡಕ್ಕಿ-ಮೆಣಸಿನಕಾಯಿ ತಿನ್ನೋಣ" ಎಂದು ತಮಗೆ ಬಂದಷ್ಟು ಇಂಗ್ಲಿಷಿನಲ್ಲಿ ಬರೆದು, ಗುರುತು ಸಿಗಲೆಂದು ಅಂಗಡಿಯ ಫೋಟೋ ಬೇರೆ ಸೇರಿಸುತ್ತಿದ್ದರು! ಆ ಕಾಲದ ಫೋನ್ ಲೈನಿನಲ್ಲಿ ಒಂದು ಫೋಟೋ ಹೋಗಲು ಅರ್ಧ ಗಂಟೆ ಬೇಕಿತ್ತು. ಆ ವಿಳಾಸಗಳೇ ಸುಳ್ಳು. ಉತ್ತರ ವಾಪಸ್ ಬರುತ್ತಿತ್ತು. "ಪಾಪ, ಮನ್ಯಾಗೆ ಇರ್ಲಿಲ್ಲ ಅನ್ಸುತ್ತೆ" ಎಂದು ಅದನ್ನು ಮತ್ತೆ ಸಾಲಿನ ಮುಂದಕ್ಕೇ ನಿಲ್ಲಿಸುತ್ತಿದ್ದರು.

ಹೀಗಿರುವಾಗ, ಪುಣೆಯಲ್ಲಿ ಕೆಲಸಕ್ಕಿದ್ದ ಶಾಮನೂರಿನ ಹುಡುಗ ನನ್ನನ್ನು ನೋಡಲು ಹರಿಹರದ ನಮ್ಮ ಮನೆಗೆ ಬಂದ. ಹೋಗುವಾಗ, "ದೊಡ್ಡೋರ ಮಾತು ಬ್ಯಾಡ್ರಿ. ಒಪ್ಪಿಗೆ ಆದ್ರೆ ನೀವೇ ಶನಿವಾರದೊಳಗೆ ಮೇಲ್ ಬರೀರಿ. ಬರ್ಲಿಲ್ಲ ಅಂದ್ರೆ ಇಲ್ಲ ಅಂತ ತಿಳ್ಕಂತೀನಿ" ಎಂದ. ಭಾನುವಾರ ಅವನ ಮನೆಯವರು ಆನಗೋಡಿನಲ್ಲಿ ಇನ್ನೊಬ್ಬ ಹುಡುಗಿಯನ್ನು ನೋಡುವವರಿದ್ದರು. ನಾನು ಗುರುವಾರವೇ ಬಸ್ಸು ಹತ್ತಿ, ಮಾವನ ಅಂಗಡಿಯಲ್ಲಿ "ಒಪ್ಪಿಗೆ" ಎಂದು ಬರೆದು ಬಂದೆ.

ಉತ್ತರವಿಲ್ಲ! ಶನಿವಾರ ಮಧ್ಯಾಹ್ನ ಓಡಿಹೋಗಿ ನೋಡಿದರೆ ನನ್ನ ಒಪ್ಪಿಗೆ ಅಲ್ಲೇ ಕೂತಿದೆ. ಅದರ ಮುಂದೆ ಮಾವನ ಅಂಗಡಿ ಫೋಟೋಗಳ ಮೆರವಣಿಗೆ!

"ಮಾಮ, ನನ್ನ ಮದುವೆ ಮುಖ್ಯನೋ, ಬೊಕ್ಕತಲೆ ಔಷಧಿಯೋನು ಮುಖ್ಯನೋ?" ಎಂದು ಅಳುತ್ತಲೇ ರೇಗಿದೆ.

ಮಾವ ಬೆಪ್ಪಾದರು. ಆಮೇಲೆ ಒಂದೊಂದೇ ಉತ್ತರ ಅಳಿಸತೊಡಗಿದರು, ಪ್ರತಿಯೊಂದಕ್ಕೂ "ತಪ್ಪು ತಿಳ್ಕಬ್ಯಾಡ್ರಿ" ಎಂದು ಪರದೆಗೆ ಕೈಮುಗಿಯುತ್ತ! ನಗಬೇಕೋ, ಅಳಬೇಕೋ? ಕೊನೆಗೆ ಸಾಲಿನ ಮುಂದೆ ನನ್ನ ಮೇಲ್ ನಿಂತಿತು. ಫೋನ್ ಲೈನ್ ಕಿರುಗುಟ್ಟಿತು, ನನ್ನ ಒಪ್ಪಿಗೆ ಪುಣೆಗೆ ಹೊರಟಿತು.

"ಅಲ್ಲ ಮಾಮ, ಆ ಕಳ್ರಿಗೆಲ್ಲ ಯಾಕ ಉತ್ತರ ಬರೀತೀರಿ?"

ಮದುವೆಯಾಗದೇ ಉಳಿದಿದ್ದ ಮಾವ ಕನ್ನಡಕ ಒರೆಸಿಕೊಂಡರು. "ನಾನೂ ಒಬ್ರಿಗೆ ಹಿಂಗೇ ಬರದು ಕೇಳಿದ್ದೆ ಕಣವ್ವ. ಹೂಂ ಅನ್ಲಿಲ್ಲ, ಊಹೂಂ ಅನ್ಲಿಲ್ಲ. ಕಾಯೋದು ಭಾಳ ಕಷ್ಟ ಐತೆ."

ಅಂದು ಅವರು ಊಟಕ್ಕೂ ಅಂಗಡಿ ಬಾಗಿಲು ಹಾಕಲಿಲ್ಲ. ನನ್ನ ಪಕ್ಕದಲ್ಲೇ ಕೂತು ಕಾದರು. ಸಂಜೆ ಪುಣೆಯಿಂದ ಉತ್ತರ ಬಂದಾಗ, ನನಗಿಂತ ಮೊದಲು ಅತ್ತವರು ಅವರೇ.